ಸಣ್ಣ ಟ್ರ್ಯಾಕ್ಟರಿನ ತೂಕ

ಟ್ರ್ಯಾಕ್ಟರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಎಚ್‌ಪಿ?’ ಎಂದು. ಸಬ್ಸಿಡಿಯ ಲೆಕ್ಕ ನಡೆಯುವುದು ಎಚ್‌ಪಿಯ ಮೇಲೆ, ಊರಿನ ಕಟ್ಟೆಯ ಮೇಲಿನ ವಾದವೂ ಅದರ ಮೇಲೆಯೇ. ಆದರೆ ಸಣ್ಣ ಟ್ರ್ಯಾಕ್ಟರನ್ನು ರೂಪಿಸಿದವರು ನೂರು ವರ್ಷಗಳ ಉದ್ದಕ್ಕೂ ತಲೆ ಕೆಡಿಸಿಕೊಂಡದ್ದು ಬೇರೊಂದು ಪ್ರಶ್ನೆಗೆ: ಕೆಲಸ ಮಾಡುವ ಹೊತ್ತಿನಲ್ಲಿ ಗಾಡಿಯ ತೂಕ ಯಾವ ಚಕ್ರದ ಮೇಲೆ ಕೂರುತ್ತದೆ? ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲು ಎಷ್ಟೋ ರೈತರು ಸತ್ತರು. ಉತ್ತರ ಸಿಕ್ಕ ಮೇಲೆ ಅದು ಯಾರ ಸೊತ್ತು ಎಂದು ಇಬ್ಬರು ಸಿರಿವಂತರ ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು.

ಎತ್ತಿನ ನೇಗಿಲನ್ನು ಹಿಡಿದು ನೋಡಿದವರಿಗೆ ಮೊದಲ ಟ್ರ್ಯಾಕ್ಟರುಗಳ ತಪ್ಪು ಬೇಗ ಹೊಳೆಯುತ್ತದೆ. ನೊಗ, ಈಸು, ಗುಳ, ಮೇಣಿ ಎಲ್ಲ ಸೇರಿ ಒಂದೇ ಸಲಕರಣೆ. ಗುಳ ಆಳಕ್ಕಿಳಿದರೆ ಹೊಲ ಉಳುವವನು ಮೇಣಿಯನ್ನು ಸಡಿಲಿಸುತ್ತಾನೆ, ಮೇಲೆದ್ದರೆ ಒತ್ತುತ್ತಾನೆ. ಬೇರು ತಗುಲಿದರೆ ಎತ್ತು ತಾನಾಗಿ ನಿಲ್ಲುತ್ತದೆ. ಮೊದಮೊದಲ ಟ್ರ್ಯಾಕ್ಟರ್ ತಯಾರಕರು ಎತ್ತನ್ನು ಬಿಚ್ಚಿ ಆ ಜಾಗದಲ್ಲಿ ಎಂಜಿನ್ ಕಟ್ಟಿದರು. ನೇಗಿಲು ಮೊದಲಿನಂತೆ ಹಿಂದೆ ಸರಪಳಿಗೆ ಜೋತುಬಿದ್ದೇ ಉಳಿಯಿತು. ಎತ್ತಿಗಿದ್ದ ಬುದ್ಧಿ ಮಾತ್ರ ಎಂಜಿನ್ನಿಗೆ ಇರಲಿಲ್ಲ.

ಹೆನ್ರಿ ಫೋರ್ಡ್ 1917ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಫೋರ್ಡ್‌ಸನ್ ಅಂಥ ಯಂತ್ರ. ಸುಮಾರು 20 ಎಚ್‌ಪಿ, ತೂಕ ಒಂದೂಕಾಲು ಟನ್ನಿನ ಆಸುಪಾಸು, ಬೆಲೆ ಅಗ್ಗ. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿ ಹಿಂದಿನ ಚಕ್ರ ನಿಂತರೆ ಎಂಜಿನ್ ನಿಲ್ಲುತ್ತಿರಲಿಲ್ಲ. ತಿರುಗಬೇಕಾದ ಚಕ್ರ ತಿರುಗದಿದ್ದಾಗ ಗಾಡಿಯ ಮೈಯೇ ಅಚ್ಚಿನ ಸುತ್ತ ತಿರುಗಿ, ಮೂತಿ ಮೇಲೆದ್ದು, ಕ್ಷಣಾರ್ಧದಲ್ಲಿ ಚಾಲಕನ ಮೇಲೆ ಮಗುಚಿಕೊಳ್ಳುತ್ತಿತ್ತು. ಕಂಪನಿ ಆಮೇಲೆ ಹಿಂದಿನ ಮಡ್‌ಗಾರ್ಡುಗಳನ್ನು ಉದ್ದ ಮಾಡಿತು, ಮಗುಚುವ ಗಾಡಿ ಅವುಗಳ ಮೇಲೆ ಊರಿ ನಿಲ್ಲಲಿ ಎಂದು. ರೋಗ ಒಂದಾದರೆ ಮದ್ದು ಇನ್ನೊಂದು.

ರೋಗವನ್ನು ಸರಿಯಾಗಿ ಗುರುತಿಸಿದವನು ಐರ್ಲೆಂಡಿನ ಡೌನ್ ಕೌಂಟಿಯಲ್ಲಿ 1884ರಲ್ಲಿ ಹುಟ್ಟಿದ ಹ್ಯಾರಿ ಫರ್ಗ್ಯುಸನ್. ರೈತನ ಮಗ, ಬೇಸಾಯ ಹಿಡಿಸದೆ ಬೆಲ್‌ಫಾಸ್ಟಿಗೆ ಬಂದು ಮೋಟಾರು ಮೆಕ್ಯಾನಿಕ್ ಆದ. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನವನ್ನು ಹಾರಿಸಿದ, ಐರ್ಲೆಂಡಿನಲ್ಲಿ ಅದೇ ಮೊದಲ ಹಾರಾಟ. ಮೊದಲ ಮಹಾಯುದ್ಧದ ಕಾಲದಲ್ಲಿ ಆಹಾರದ ಕೊರತೆ ಬಿದ್ದಾಗ ಸರ್ಕಾರ ಅವನಿಗೆ ದೇಶದ ಟ್ರ್ಯಾಕ್ಟರುಗಳ ಕೆಲಸವನ್ನು ಸುಧಾರಿಸುವ ಹೊಣೆ ಕೊಟ್ಟಿತು. ಅವನೂ ಅವನ ಸಹಾಯಕ ವಿಲ್ಲಿ ಸ್ಯಾಂಡ್ಸನೂ ಊರೂರು ಸುತ್ತಿ ಉಳುಮೆ ನೋಡಿದರು. ಟ್ರ್ಯಾಕ್ಟರ್ ಬೇರೆ, ನೇಗಿಲು ಬೇರೆ ಆಗಿರುವತನಕ ಇದು ಸರಿಹೋಗದು ಎಂದು ಫರ್ಗ್ಯುಸನ್ ತೀರ್ಮಾನಿಸಿದ.

ಅವನ ಪರಿಹಾರ ನೋಡಲು ತೀರ ಸರಳ. ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಕೆಳಗೆ ಎರಡು ತೋಳು, ಮೇಲೆ ನಡುವೆ ಒಂದು ತೋಳು. ಈ ಮೂರು ಬಿಂದುಗಳಲ್ಲಿ ನೇಗಿಲನ್ನು ಸಿಕ್ಕಿಸಿದರೆ ಅದು ಟ್ರ್ಯಾಕ್ಟರಿನ ಅಂಗವೇ ಆಗುತ್ತದೆ. ಕೆಳಗಿನ ತೋಳುಗಳು ಎಳೆಯುತ್ತವೆ. ಮೇಲಿನ ತೋಳು ಮುಂದಕ್ಕೆ ಒತ್ತುತ್ತದೆ, ಹೀಗಾಗಿ ಮೂತಿ ಏಳುವುದಿಲ್ಲ. ನೇಗಿಲ ಭಾರ ಮತ್ತು ಅದನ್ನು ಕೆಳಕ್ಕೆ ಸೆಳೆಯುವ ಮಣ್ಣಿನ ಬಲ ಎರಡೂ ಹಿಂದಿನ ಚಕ್ರಗಳ ಮೇಲೆ ಬೀಳುತ್ತವೆ. ಹೊಲ ಗಟ್ಟಿಯಾದಷ್ಟೂ ಚಕ್ರದ ಹಿಡಿತ ಹೆಚ್ಚು! ಮೇಲಿನ ತೋಳಿನ ಒತ್ತಡವನ್ನು ಹೈಡ್ರಾಲಿಕ್ ವ್ಯವಸ್ಥೆ ಗಮನಿಸುತ್ತಿದ್ದು, ಒತ್ತಡ ಏರಿದಾಗ ನೇಗಿಲನ್ನು ತುಸು ಎತ್ತಿ, ಇಳಿದಾಗ ಇಳಿಸುತ್ತದೆ. ಮೇಣಿ ಹಿಡಿದ ಕೈ ಮಾಡುತ್ತಿದ್ದ ಕೆಲಸವನ್ನು ಈಗ ಎಣ್ಣೆ ಮಾಡತೊಡಗಿತು. ಬಂಡೆ ತಗುಲಿದರೆ ಹಿಂದಿನ ಚಕ್ರದ ಮೇಲಿನ ಹೆಚ್ಚುವರಿ ಭಾರ ಹೋಗಿ ಚಕ್ರ ಸುಮ್ಮನೆ ಸುತ್ತುತ್ತದೆ, ಗಾಡಿ ಮಗುಚುವುದಿಲ್ಲ.

ಇದರ ಅರ್ಥ ದೊಡ್ಡದು. ಹಿಡಿತ ಬೇಕಾದರೆ ಗಾಡಿಯನ್ನೇ ಭಾರವಾಗಿ ಮಾಡಬೇಕು ಎಂಬುದು ಅಲ್ಲಿಯವರೆಗಿನ ನಂಬಿಕೆ. ಹೊಲವನ್ನು ತುಳಿದು ಗಟ್ಟಿ ಮಾಡುವ ಸತ್ತ ಕಬ್ಬಿಣ ಬೇಡ, ಕೆಲಸದಿಂದಲೇ ತೂಕ ಹುಟ್ಟಲಿ ಎಂದ ಫರ್ಗ್ಯುಸನ್. ಹಗುರವಾದ, ಅಗ್ಗದ ಸಣ್ಣ ಟ್ರ್ಯಾಕ್ಟರ್ ಸಾಧ್ಯವಾದದ್ದು ಇಲ್ಲಿಂದ.

1933ರಲ್ಲಿ ಅವನು ಕಟ್ಟಿದ ಮಾದರಿಗೆ ಕಪ್ಪು ಬಣ್ಣ ಬಳಿದಿದ್ದ. ಆ ‘ಕಪ್ಪು ಟ್ರ್ಯಾಕ್ಟರ್’ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿಗೆ ಸೇರಿತು. 1936ರಿಂದ ಡೇವಿಡ್ ಬ್ರೌನ್ ಜೊತೆ ಸೇರಿ ಮಾಡಿದ್ದು ಹೆಚ್ಚು ಮಾರಾಟವಾಗಲಿಲ್ಲ. 1938ರ ಅಕ್ಟೋಬರಿನಲ್ಲಿ ಒಂದು ಗಾಡಿಯನ್ನು ಹಡಗಿಗೇರಿಸಿಕೊಂಡು ಫರ್ಗ್ಯುಸನ್ ಅಮೆರಿಕದ ಡಿಯರ್‌ಬಾರ್ನಿಗೆ ಹೋಗಿ, ಹೆನ್ರಿ ಫೋರ್ಡನ ಮನೆಯಂಗಳದಲ್ಲಿ ಉತ್ತು ತೋರಿಸಿದ. ಇಬ್ಬರೂ ಅಲ್ಲೇ ಮೇಜಿನ ಮುಂದೆ ಕೂತು ಮಾತಾಡಿ, ಕೈ ಕುಲುಕಿ ಒಪ್ಪಂದ ಮಾಡಿಕೊಂಡರು: ತಯಾರಿಕೆ ಫೋರ್ಡನದು, ವಿನ್ಯಾಸ ಮತ್ತು ಮಾರಾಟ ಫರ್ಗ್ಯುಸನನದು. ಕಾಗದ ಇಲ್ಲ, ಸಹಿ ಇಲ್ಲ. 1939ರ ಜೂನಿನಲ್ಲಿ ಬಂದ ಫೋರ್ಡ್ 9ಎನ್ ಸುಮಾರು ಒಂದು ಟನ್ ತೂಗುತ್ತಿತ್ತು, ಬೆಲೆ 585 ಡಾಲರ್. ತನ್ನ ಗಾತ್ರಕ್ಕೆ ಮೀರಿ ಎರಡು ಗುಳದ ನೇಗಿಲನ್ನು ಆರಾಮವಾಗಿ ಎಳೆಯುತ್ತಿತ್ತು.

ಬಾಯಿಮಾತಿನ ಒಪ್ಪಂದಕ್ಕೆ ಮಾತು ಕೊಟ್ಟವರಷ್ಟೇ ಆಯಸ್ಸು. ಮೊಮ್ಮಗ ಎರಡನೇ ಹೆನ್ರಿ ಫೋರ್ಡ್ ಕಂಪನಿಯ ಚುಕ್ಕಾಣಿ ಹಿಡಿದ ಮೇಲೆ ಅದನ್ನು ಮುರಿದ. 1947ರಲ್ಲಿ ಅದೇ ಮೂರು ತೋಳುಗಳಿದ್ದ 8ಎನ್ ಫರ್ಗ್ಯುಸನನಿಗೆ ಪಾಲಿಲ್ಲದೆ ಹೊರಬಂತು. ಫರ್ಗ್ಯುಸನ್ 25 ಕೋಟಿ ಡಾಲರಿಗೂ ಮೀರಿದ ದಾವೆ ಹೂಡಿದ. 1952ರಲ್ಲಿ 92.5 ಲಕ್ಷಕ್ಕೆ ರಾಜಿಯಾಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಅವನದೇ ಬೂದು ಬಣ್ಣದ ಟಿಇ20 ಸಾಲುಸಾಲಾಗಿ ಹೊರಬರುತ್ತಿತ್ತು. 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು. 1953ರಲ್ಲಿ ಅವನ ಕಂಪನಿ ಕೆನಡಾದ ಮ್ಯಾಸಿ ಹ್ಯಾರಿಸ್ ಜೊತೆ ಸೇರಿತು. 1960ರಲ್ಲಿ ಚೆನ್ನೈನಲ್ಲಿ ಶುರುವಾದ ಟಾಫೆ ಕಂಪನಿಯ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳಿಗೆ ಬಂದ ಹೆಸರು ಈ ವಂಶದ್ದು.

ಇಷ್ಟರವರೆಗೆ ಟ್ರ್ಯಾಕ್ಟರಿನ ಕೆಲಸವೆಲ್ಲ ಬೆನ್ನ ಹಿಂದೆ. ಯುದ್ಧ ಮುಗಿದ ಮೇಲೆ ಹೈಡ್ರಾಲಿಕ್ ಸಾಮಾನು ಸುಲಭವಾಗಿ ಸಿಗತೊಡಗಿದಾಗ ಜನ ಮುಂದೆಯೂ ತೋಳು ಜೋಡಿಸಿದರು. ಇಂಗ್ಲೆಂಡಿನ ಉಟಾಕ್ಸಿಟರಿನ ಒಂದು ಬಾಡಿಗೆ ಗ್ಯಾರೇಜಿನಲ್ಲಿ 1945ರಲ್ಲಿ ಟ್ರೈಲರ್ ಮಾಡುತ್ತ ಶುರುಮಾಡಿದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ 1949ರಲ್ಲಿ ಫೋರ್ಡ್‌ಸನ್ ಮೇಜರ್ ಟ್ರ್ಯಾಕ್ಟರಿಗೆ ಲೋಡರ್ ಕೂರಿಸಿದ. 1953ರಲ್ಲಿ ಹಿಂದೆ ಅಗೆಯುವ ಕೈಯನ್ನೂ ಸೇರಿಸಿದ. ಅವನ ಹೆಸರಿನ ಮೂರು ಅಕ್ಷರ ಈಗ ಕನ್ನಡದಲ್ಲಿ ಸಾಮಾನ್ಯ ನಾಮ. ಯಾವ ಕಂಪನಿಯದಾದರೇನು, ಹಳದಿ ಬಣ್ಣದ್ದಾಗಿ ಮಣ್ಣು ತೋಡಿದರೆ ನಮಗದು ಜೆಸಿಬಿ.

ಲೋಡರ್ ಬಂದದ್ದೇ ಫರ್ಗ್ಯುಸನ್ನನ ಲೆಕ್ಕ ತಿರುವುಮುರುವಾಯಿತು. ಬಕೆಟ್ಟಿನ ಭಾರ ಮುಂದಿನ ಅಚ್ಚಿಗೂ ಮುಂದೆ ಇರುತ್ತದೆ. ಮಣ್ಣು ತುಂಬಿ ಎತ್ತಿದಷ್ಟೂ ಮುಂದಿನ ಪುಟ್ಟ ಚಕ್ರಗಳು ಹೂಳುತ್ತವೆ, ಹಿಂದಿನ ದೊಡ್ಡ ಚಕ್ರಗಳು ಹಗುರಾಗುತ್ತವೆ. ಎಳೆತ ಹಿಂದಿನ ಚಕ್ರದಲ್ಲಿ, ಬ್ರೇಕೂ ಹಿಂದಿನ ಚಕ್ರದಲ್ಲಿ. ಇಳಿಜಾರಿನಲ್ಲಿ ಭರ್ತಿ ಬಕೆಟ್ ಹೊತ್ತು ಮೂತಿ ಕೆಳಗಾಗಿ ಇಳಿಯುವಾಗ ಹಿಂಚಕ್ರ ನೆಲ ಬಿಟ್ಟಿತೆಂದರೆ ಬ್ರೇಕಿನ ಮೇಲೆ ಎಷ್ಟು ಒದ್ದರೂ ಪ್ರಯೋಜನವಿಲ್ಲ. ಬಕೆಟ್ ಎತ್ತರದಲ್ಲಿದ್ದರೆ ಪಕ್ಕಕ್ಕೆ ಉರುಳುವ ಭಯ ಬೇರೆ. ಹಳೆಯ ಬೂದು ಫೋರ್ಡುಗಳಿಗೆ ಲೋಡರ್ ಕಟ್ಟಿಕೊಂಡ ಅಮೆರಿಕದ ನಾಲ್ಕೈದು ಎಕರೆ ಮಾಲೀಕರು ಎಲ್ಲರೂ ಇದನ್ನು ಅನುಭವಿಸಿದವರೇ. ಅವರಿಗೆ ಹೊಸ ಗಾಡಿ ಮಾಡಿಕೊಡುವವರೂ ಇರಲಿಲ್ಲ. 1960ರ ದಶಕದಲ್ಲಿ ಅಲ್ಲಿನ ಕಂಪನಿಗಳ ಕಣ್ಣೆಲ್ಲ ನೂರು ಎಚ್‌ಪಿಯ ಕಡೆ.

ಉತ್ತರ ಬಂದದ್ದು ಜಪಾನಿನ ಗದ್ದೆಗಳಿಂದ. 1946–50ರ ಭೂಸುಧಾರಣೆಯ ನಂತರ ಅಲ್ಲಿ ರೈತನ ಪಾಲಿಗೆ ಇದ್ದದ್ದು ಸುಮಾರು ಒಂದು ಹೆಕ್ಟೇರು. ಮೊದಲು ಕೈಯಲ್ಲಿ ಹಿಡಿದು ನಡೆಸುವ ಟಿಲ್ಲರುಗಳು ಬಂದವು. ಆಮೇಲೆ, 1890ರಲ್ಲಿ ಒಸಾಕಾದಲ್ಲಿ ಎರಕದ ಕೆಲಸದಿಂದ ಶುರುವಾಗಿ ನೀರಿನ ಪೈಪುಗಳಿಗೆ ಹೆಸರಾಗಿದ್ದ ಕುಬೋಟಾ 1960ರಲ್ಲಿ ಕೂತು ಓಡಿಸುವ ಟ್ರ್ಯಾಕ್ಟರ್ ತಂದಿತು. ಕೆಸರುಗದ್ದೆಯಲ್ಲಿ ಭಾರದ ಗಾಡಿ ಹೂತುಹೋಗುತ್ತದೆ, ಹಗುರದ್ದು ಜಾರುತ್ತದೆ. ಬದು ಹತ್ತಿ ಮುಂದಿನ ಗದ್ದೆಗೆ ಇಳಿಯಬೇಕು ಬೇರೆ. ಹಾಗಾಗಿ ಹತ್ತು ಹನ್ನೆರಡು ಎಚ್‌ಪಿಯ ಪುಟ್ಟ ಗಾಡಿಗೂ ಮುಂದಿನ ಚಕ್ರಗಳಿಗೆ ಎಳೆತ ಕೊಟ್ಟರು. ಅಮೆರಿಕದಲ್ಲಿ ಫೋರ್ ವೀಲ್ ಡ್ರೈವ್ ಎಂದರೆ ದೈತ್ಯ ಯಂತ್ರಗಳ ಲಕ್ಷಣವಾಗಿದ್ದ ಕಾಲ ಅದು.

1970ರ ಹೊತ್ತಿಗೆ ಜಪಾನಿನಲ್ಲಿ ಅಕ್ಕಿ ಹೆಚ್ಚಾಗಿ, ಭತ್ತದ ವಿಸ್ತೀರ್ಣ ಕಡಿಮೆ ಮಾಡುವ ನೀತಿಯನ್ನು ಸರ್ಕಾರವೇ ತಂದಿತು. ಟ್ರ್ಯಾಕ್ಟರ್ ಕಂಪನಿಗಳು ಹೊರದೇಶದ ಮಾರುಕಟ್ಟೆಗೆ ಇನ್ನಷ್ಟು ಗಟ್ಟಿಯಾಗಿ ಕೈಹಾಕಿದವು. ಕುಬೋಟಾ 1969ರಲ್ಲೇ 21 ಎಚ್‌ಪಿಯ ಎಲ್200 ಮಾದರಿಯನ್ನು ಅಮೆರಿಕಕ್ಕೆ ಕಳಿಸಿತ್ತು. ಬೆನ್ನಿಗೇ ಪುಟ್ಟ ನಾಲ್ಕುಚಕ್ರದ ಎಳೆತದವೂ ಹೋದವು. ಗದ್ದೆಯ ಕೆಸರಿಗಾಗಿ ಹುಟ್ಟಿದ ಮುಂಚಕ್ರದ ಎಳೆತ ಲೋಡರಿನ ರೋಗಕ್ಕೆ ನೇರ ಮದ್ದಾಯಿತು. ಭಾರ ಯಾವ ಚಕ್ರದ ಮೇಲೆ ಬಿದ್ದಿದೆಯೋ ಆ ಚಕ್ರವೇ ಈಗ ಎಳೆಯುತ್ತದೆ. ನಾಲ್ಕೂ ಚಕ್ರ ಗೇರಿನಲ್ಲಿ ಸೇರಿಕೊಂಡಾಗ ಹಿಂದಿನ ಬ್ರೇಕಿನ ಬಲ ಮುಂದಿನ ಚಕ್ರಕ್ಕೂ ತಲುಪುತ್ತದೆ. ಕುಬೋಟಾದ ಎಂಜಿನಿಯರರು ವಿನ್ಯಾಸ ಮಾಡುವಾಗ ಟೆಕ್ಸಾಸಿನ ಜಲ್ಲಿ ರಾಶಿಯನ್ನು ಕನಸಿನಲ್ಲೂ ನೆನೆದಿರಲಾರರು. ಅಮೆರಿಕದ ಕಂಪನಿಗಳು ಸೋಲೊಪ್ಪಿದ ರೀತಿ ಇನ್ನೂ ಸ್ವಾರಸ್ಯದ್ದು. 1970ರ ದಶಕದಲ್ಲಿ ಫೋರ್ಡ್ ತನ್ನ ಸಣ್ಣ ಟ್ರ್ಯಾಕ್ಟರನ್ನು ಜಪಾನಿನ ಶಿಬೌರಾದಿಂದ ಮಾಡಿಸಿಕೊಂಡಿತು, ಜಾನ್ ಡಿಯರ್ ಯಾನ್‌ಮಾರ್‌ನಿಂದ. 9ಎನ್ ಮಾಡಿದ ಕಂಪನಿಗೆ ಒಂದು ಸಣ್ಣ ಟ್ರ್ಯಾಕ್ಟರ್ ಕಡ ತರಬೇಕಾಯಿತು.

ಲೋಡರಿನ ಇನ್ನೊಂದು ಕಾಟ ಕ್ಲಚ್ಚಿಗೆ. ತುಂಬು, ಹಿಂದೆ ಬಾ, ತಿರುಗು, ಸುರಿ, ಮತ್ತೆ ಹೋಗು: ಗಂಟೆಗೆ ನೂರಾರು ಸಲ ಗೇರು ಬದಲು. ಎಣ್ಣೆಯ ಒತ್ತಡದಿಂದಲೇ ಚಕ್ರ ತಿರುಗಿಸುವ ಹೈಡ್ರೋಸ್ಟ್ಯಾಟಿಕ್ ಪ್ರಸರಣ ಇದನ್ನು ನಿವಾರಿಸಿತು. ಪೆಡಲ್ ಒತ್ತಿದರೆ ಮುಂದೆ, ಇನ್ನೊಂದು ಕಡೆ ಒತ್ತಿದರೆ ಹಿಂದೆ. ಒಂದಷ್ಟು ಎಚ್‌ಪಿ ಅದರಲ್ಲೇ ಸೋರಿಹೋಗುತ್ತದೆ, ಉಳುವವನಿಗೆ ಅದು ನಷ್ಟ. ಅಂಗಳದಲ್ಲಿ ಗೊಬ್ಬರ, ಜಲ್ಲಿ ಸಾಗಿಸುವವನಿಗೆ ಆ ಲೆಕ್ಕ ಬೇಕಿಲ್ಲ.

ಭಾರತದಲ್ಲಿ ಕತೆ ಬೇರೆ ದಾರಿ ಹಿಡಿಯಿತು. ಬೆಂಗಳೂರಿನ ವಿಎಸ್‌ಟಿ 1967ರಲ್ಲಿ ಮಿತ್ಸುಬಿಷಿಯ ಸಹಯೋಗದಲ್ಲಿ ಟಿಲ್ಲರ್ ತಯಾರಿಕೆಗೆ ಇಳಿಯಿತು. ಮಲೆನಾಡು, ಕರಾವಳಿಯ ಗದ್ದೆ ತೋಟಗಳಲ್ಲಿ ಇವತ್ತಿಗೂ ಅದರ ಸದ್ದು ಕೇಳುತ್ತದೆ. ಮುಂದೆ ಅದೇ ಕಂಪನಿ ಮಿನಿ ಟ್ರ್ಯಾಕ್ಟರುಗಳನ್ನೂ ತಂದಿತು. ನಾಶಿಕ, ಸಾಂಗ್ಲಿಯ ದ್ರಾಕ್ಷಿ ಸಾಲುಗಳ ನಡುವೆ ನುಗ್ಗಿ ಔಷಧಿ ಸಿಂಪಡಿಸಲು ಅಗಲ ಕಡಿಮೆಯ ಗಾಡಿಯೇ ಬೇಕು. 2015–16ರ ಕೃಷಿ ಗಣತಿಯ ಪ್ರಕಾರ ನಮ್ಮ ಸರಾಸರಿ ಹಿಡುವಳಿ 1.08 ಹೆಕ್ಟೇರು, ಅಂದರೆ ಆ ಕಾಲದ ಜಪಾನಿನಷ್ಟೇ. ಆದರೂ ನಮ್ಮಲ್ಲಿ ಮಿನಿ ಟ್ರ್ಯಾಕ್ಟರಿನ ಮೂತಿಗೆ ಲೋಡರ್ ಕಾಣುವುದು ಅಪರೂಪ. ಮಣ್ಣಿನ ಕೆಲಸಕ್ಕೆ ಗಂಟೆ ಲೆಕ್ಕದಲ್ಲಿ ಜೆಸಿಬಿ ಕರೆಸುತ್ತೇವೆ. ಈ ಮೂರೂ ಎಳೆಗಳು ದೆಹಲಿಯ ಪಕ್ಕದ ಫರೀದಾಬಾದ್ ಕಡೆ ಒಂದೇ ಕಂಪನಿಯಲ್ಲಿ ಗಂಟು ಬಿದ್ದಿವೆ. ಎಸ್ಕಾರ್ಟ್ಸ್ 1971ರಲ್ಲಿ ಫೋರ್ಡ್ ಟ್ರ್ಯಾಕ್ಟರ್ ತಯಾರಿಸತೊಡಗಿತು, 1979ರಲ್ಲಿ ಜೆಸಿಬಿಯನ್ನು ಬಲ್ಲಭಗಢಕ್ಕೆ ತಂದಿತು, 2022ರಲ್ಲಿ ಹೆಸರು ಬದಲಿಸಿ ಎಸ್ಕಾರ್ಟ್ಸ್ ಕುಬೋಟಾ ಆಯಿತು.

ಲೋಡರಿನ ಪೇಟೆ ಈಗಲೂ ಅಮೆರಿಕವೇ. 1994ರಿಂದ ಅಲ್ಲಿರುವ ಮಹೀಂದ್ರಾ ಕೂಡ ಕೆಲವೇ ಎಕರೆಯ ಮನೆಮಾಲೀಕರಿಗೆ ಲೋಡರ್ ಸಹಿತ ಸಣ್ಣ ಟ್ರ್ಯಾಕ್ಟರ್ ಮಾರುತ್ತದೆ. ಅಲ್ಲಿ ಅನುಭವಿಗಳು ಎಚ್‌ಪಿಯ ಮಾತು ಬಿಟ್ಟು ಕೇಳುವುದು ಇಷ್ಟು: ಗಾಡಿಯ ತೂಕ ಎಷ್ಟು, ಲೋಡರ್ ಪೂರ್ತಿ ಎತ್ತರಕ್ಕೆ ಎಷ್ಟು ಎತ್ತುತ್ತದೆ, ಮುಂದಿನ ಅಚ್ಚು ಎಷ್ಟು ತಡೆಯುತ್ತದೆ, ತಲೆಯ ಹಿಂದೆ ಉರುಳುತಡೆ ಚೌಕಟ್ಟು ಇದೆಯೇ. ಆ ಚೌಕಟ್ಟನ್ನು ಹೊಸ ಟ್ರ್ಯಾಕ್ಟರುಗಳಿಗೆ ಸ್ವೀಡನ್ 1959ರಲ್ಲೇ ಕಡ್ಡಾಯ ಮಾಡಿತ್ತು. ಕೊಂಡ ಮೇಲೆ ಹಿಂದಿನ ಟಯರುಗಳಿಗೆ ನೀರು ತುಂಬಿಸುತ್ತಾರೆ. ಅದೂ ಸಾಲದಾಗ ಹಳೆಯ ಡ್ರಮ್ಮಿನೊಳಗೆ ಕಾಂಕ್ರೀಟ್ ಸುರಿದು, ಗಟ್ಟಿಯಾದ ಆ ಸತ್ತ ಭಾರವನ್ನು ಟ್ರ್ಯಾಕ್ಟರಿನ ಹಿಂದೆ, ಫರ್ಗ್ಯುಸನ್ನನ ಮೂರು ತೋಳುಗಳಿಗೇ ತೂಗುಹಾಕುತ್ತಾರೆ.