ಎಳ್ಳಮಾವಾಸ್ಯೆಯ ಚರಗ

ಮಾರ್ಗಶಿರ ಮಾಸದ ಕೊನೆಗೆ ಬರುವ ಎಳ್ಳಮಾವಾಸ್ಯೆ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಹಿಂಗಾರಿ ಬೆಳೆಯ ಹಬ್ಬ. ಆಡುಮಾತಿನಲ್ಲಿ ಅದು ಎಳ್ಳಮಾಸಿ. ಬೆಳೆ ಕೈಗೆ ಬಂದ ಮೇಲೆ ಮಾಡುವ ಸುಗ್ಗಿ ಇದಲ್ಲ. ಡಿಸೆಂಬರ್-ಜನವರಿಯ ಈ ಹೊತ್ತಿಗೆ ಬಿಳಿಜೋಳ ಇನ್ನೂ ಹೊಡೆ ಬಿಚ್ಚುತ್ತಲೋ ತೆನೆಗೆ ಹಾಲು ತುಂಬುತ್ತಲೋ ಇರುತ್ತದೆ. ಭೂತಾಯಿ ತುಂಬಿದ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ಒಕ್ಕಲಿಗರ ನಂಬಿಕೆ. ಪಡೆಯುವ ಮೊದಲೇ ಋಣ ತೀರಿಸುವ ಈ ರೀತಿಯಲ್ಲೇ ಹಬ್ಬದ ಹಿರಿಮೆಯಿದೆ.

ಆ ನಂಬಿಕೆ ಅಗ್ಗದ್ದಲ್ಲ. ಎರೆ ಹೊಲದ ಜೋಳವನ್ನು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಮುಂದೆ ಅದು ಬಹುಮಟ್ಟಿಗೆ ಕರಿಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ಬದುಕಬೇಕು. ಹಸಿ ಆರಿದರೆ ತೆನೆ ಜೊಳ್ಳು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ಅಕಾಲದ ಗಾಳಿಮಳೆ ಬಂದರೆ ಆಳೆತ್ತರದ ದಂಟು ನೆಲಕ್ಕೆ ಮಲಗುತ್ತದೆ. ಬಲಿತ ಕಾಳು ನೆನೆದು ಕಪ್ಪಾಗುತ್ತದೆ. 1876-78ರ ಬರ ಇಲ್ಲಿಯ ಹಳ್ಳಿಗಳನ್ನು ಹಣ್ಣುಮಾಡಿತ್ತು.

ವಿದ್ಯುತ್ತು ಬರುವ ಮುಂಚೆ ಹಬ್ಬದ ಅಡುಗೆ ಸಾಗುತ್ತಿದ್ದುದು ಹಣತೆಯ, ಆಮೇಲೆ ಸೀಮೆಎಣ್ಣೆ ಚಿಮಣಿಯ ಬೆಳಕಿನಲ್ಲಿ. ಅಮಾವಾಸ್ಯೆಯಾದ್ದರಿಂದ ಚಂದ್ರನಿಲ್ಲ, ಮೋಡ ಕವಿದರೆ ಚುಕ್ಕಿಯೂ ಇಲ್ಲ. ಅಂಥ ಕತ್ತಲಿಗೂ ಥಂಡಿಗೂ ಒಗ್ಗಿದ ಅಡುಗೆ ಇದು. ಎಳ್ಳು ಹಚ್ಚಿ ಬಡಿದ ಸಜ್ಜಿ ರೊಟ್ಟಿಯನ್ನು ಕಟಕಟಿ ಒಣಗಿಸಿಟ್ಟರೆ ವಾರಗಟ್ಟಲೆ ಕೆಡದು. ಮಳೆ ಹಿಡಿದು ಒಲೆ ಹೊತ್ತದಿದ್ದರೂ ಮನೆಮಂದಿ ಉಪವಾಸ ಬೀಳರು. ಜೊತೆಗೆ ಶೇಂಗಾ ಹೋಳಿಗೆ, ಜೋಳದ ಕಡುಬು, ಎಣ್ಣೆಗಾಯಿ ಬದನೆ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ.

ಬೆಳಗಾದ ಮೇಲೆ ಬಂಡಿ ಹೂಡಿ ಹೊಲಕ್ಕೆ ಪ್ರಯಾಣ. ಬನ್ನಿಗಿಡದ ಬುಡದಲ್ಲೋ ಬೆಳೆಯ ನಡುವೆಯೋ ಐದು ಕಲ್ಲುಗಳನ್ನು ತೊಳೆದು, ಸುಣ್ಣ ಹಚ್ಚಿ, ಕುಂಕುಮವಿಟ್ಟು ಪಾಂಡವರೆಂದು ಕೂಡಿಸುತ್ತಾರೆ. ಗಾಳಿಗೆ ದೀಪ ಆರದಂತೆ ದಂಟಿನ ಮರೆ ಮಾಡುತ್ತಾರೆ. ಎಡೆಯಾದ ಮೇಲೆ ತಂದದ್ದನ್ನೆಲ್ಲ ತುಸುತುಸು ಮುರಿದು ಕಲಸಿದರೆ ಅದೇ ಚರಗ. ಮುಂದೆ ಒಬ್ಬರು ಬದು ಹಿಡಿದು ಕೂಗುತ್ತ ಅದನ್ನು ಹೊಲದ ತುಂಬ ಚೆಲ್ಲುತ್ತ ಹೋದರೆ, ಹಿಂದೊಬ್ಬರು ಚಂಬಿನಿಂದ ನೀರು ಚಿಮುಕಿಸುತ್ತಾರೆ. ಹಕ್ಕಿ, ಇರುವೆ, ಹುಳುಹುಪ್ಪಡಿ ಉಂಡ ಮೇಲೆಯೇ ಮನುಷ್ಯರ ಪಂಕ್ತಿ. ಆ ಪಂಕ್ತಿಗೆ ಹೊಲವಿಲ್ಲದ ನೆರೆಯವರಿಗೂ ಕರೆ ಹೋಗುತ್ತದೆ. ಚರಗದಷ್ಟೇ ಗೌರವದ ಮಾತು ಅದು.

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ, 1953ರಲ್ಲಿ ಕಾಲುವೆಗೆ ನೀರು ಬಂದ ಮೇಲೆ ಈ ಸೀಮೆ ಎರಡಾಯಿತು. ಎಡದಂಡೆ ಕಾಲುವೆಯ ಸಿಂಧನೂರು ಭತ್ತದ ನಾಡಾಯಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು, ಜೋಳ ಹಿಂದೆ ಸರಿಯಿತು. ಭಯ ಮಾತ್ರ ಸರಿಯಲಿಲ್ಲ. ನವೆಂಬರ್-ಡಿಸೆಂಬರಿನ ಚಂಡಮಾರುತಕ್ಕೆ ಕೊಯ್ಲಿಗೆ ಬಂದ ಭತ್ತವೂ ಮಲಗುತ್ತದೆ, ಕಣದ ರಾಶಿ ನೆನೆಯುತ್ತದೆ. ಇದೇ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಉಷ್ಣವಿದ್ಯುತ್ ಉತ್ಪಾದನೆಯಾಗುತ್ತಿದ್ದರೂ, ಗಾಳಿಗೆ ಕಂಬ ಬಿದ್ದ ರಾತ್ರಿ ಹಳ್ಳಿಯ ಮನೆಗಳಲ್ಲಿ ಅಟ್ಟದ ಚಿಮಣಿ ಮತ್ತೆ ಕೆಳಗಿಳಿಯುತ್ತದೆ.

ಈಗ ಬಂಡಿಯ ಬದಲು ಟ್ರ್ಯಾಕ್ಟರು, ಬುಟ್ಟಿಯ ಬದಲು ಸ್ಟೀಲ್ ಡಬ್ಬಿ. ಜೋಳ ಕಡಲೆ ಬೆಳೆಯುವ ಮಸ್ಕಿ, ಲಿಂಗಸುಗೂರಿನ ಖುಷ್ಕಿ ಹೊಲಗಳಲ್ಲಿ ಆ ದಿನ ನಡುಮಧ್ಯಾಹ್ನಕ್ಕೆ ಒಂದು ಬದುವಿನಿಂದ ಕೂಗು ಎದ್ದರೆ, ಪಕ್ಕದ ಹೊಲದಿಂದ ಅದಕ್ಕೆ ಮರುಕೂಗು ಬರುತ್ತದೆ.