ಗಾಯಗೊಂಡ ದೇಹದ ಸಂಕೇತ

ರೋಗಿಯ ಬಾಯಿಂದ "ಏನು ಪಾಪ ಮಾಡಿದ್ದೆನೋ" ಎಂಬ ಮಾತನ್ನು ಕೇಳದ ವೈದ್ಯನಿಲ್ಲ. ಈ ಭಾವನೆ ಯಾವುದೋ ಒಂದು ಮತದ ಸೊತ್ತಲ್ಲ. ಬೈಬಲಿನ ಯೋಬನ ಗ್ರಂಥದಲ್ಲಿ, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕುಳಿತ ಯೋಬನಿಗೆ ಸ್ನೇಹಿತರು ಹೇಳುವುದೂ ಇದನ್ನೇ. ಆದರೆ ಗ್ರಂಥದ ಕೊನೆಯಲ್ಲಿ ದೇವರು ಕೋಪಗೊಳ್ಳುವುದು ಆ ಸ್ನೇಹಿತರ ಮೇಲೆ! ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಇವನದೋ ಹೆತ್ತವರದೋ ಎಂದು ಕೇಳುತ್ತಾರೆ. ಯಾರದೂ ಅಲ್ಲವೆಂದು ಯೇಸುವಿನ ಉತ್ತರ.

ಇವೆರಡಕ್ಕಿಂತಲೂ ಗಾಢವಾದುದು ಯೆಶಾಯನ ಗ್ರಂಥದ 53ನೆಯ ಅಧ್ಯಾಯ. ಅಲ್ಲಿ ದೇವರ ಸೇವಕನೊಬ್ಬ ಇತರರ ವ್ಯಾಧಿಗಳನ್ನು ಹೊರುತ್ತಾನೆ. ನೋಡಿದವರು ಅವನನ್ನು ದೈವಶಿಕ್ಷೆಗೆ ಗುರಿಯಾದವನೆಂದು ಭಾವಿಸುತ್ತಾರೆ. ಯೆಹೂದ್ಯ ವ್ಯಾಖ್ಯಾನಕಾರರಲ್ಲಿ ಅನೇಕರು ಈ ಸೇವಕನಲ್ಲಿ ಇಸ್ರಾಯೇಲ್ ಜನಾಂಗವನ್ನೇ ಕಂಡರೆ, ಕ್ರೈಸ್ತರು ಕ್ರಿಸ್ತನನ್ನು ಕಂಡರು. ನಾಲ್ಕನೆಯ ಶತಮಾನದ ಕೊನೆಗೆ ಇದನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮ್ ಒಂದೆಡೆ 'ಕುಷ್ಠರೋಗಿಯಂತೆ' ಎಂಬ ಅರ್ಥದ ಪದವನ್ನು ಬಳಸಿದ. ಮಧ್ಯಯುಗದ ಯುರೋಪು ಕುಷ್ಠರೋಗಿಯಲ್ಲಿ ಕ್ರಿಸ್ತನನ್ನು ಕಾಣುವುದಕ್ಕೆ ಈ ಪದದ ಬೆಂಬಲವೂ ದೊರೆಯಿತು.

ಈ ಸಂಕೇತವು ಆಸ್ಪತ್ರೆಯೊಳಕ್ಕೇ ಪ್ರವೇಶಿಸಿದ್ದನ್ನು ಆಲ್ಸಾಸ್ ಪ್ರಾಂತ್ಯದ ಈಸೆನ್‌ಹೈಮ್‌ನಲ್ಲಿ ಕಾಣುತ್ತೇವೆ. ಅಲ್ಲಿನ ಸಂತ ಅಂತೋಣಿಯ ಮಠಕ್ಕಾಗಿ ಮಥಿಯಾಸ್ ಗ್ರೂನ್‌ವಾಲ್ಡ್ 1512ರಿಂದ 1516ರವರೆಗೆ ಬಲಿಪೀಠದ ಫಲಕಗಳನ್ನು ಚಿತ್ರಿಸಿದ. (ಈ ಅಂತೋಣಿ ಈಜಿಪ್ಟಿನ ಮರುಭೂಮಿಯ ತಪಸ್ವಿ, ನಮ್ಮ ಊರುಗಳಲ್ಲಿ ಮಂಗಳವಾರದ ನೊವೆನಾ ನಡೆಯುವ ಪಾದುವಾದ ಸಂತನಲ್ಲ.) ಮಠದವರು ಮುಖ್ಯವಾಗಿ ಆರೈಕೆ ಮಾಡುತ್ತಿದ್ದುದು 'ಅಂತೋಣಿಯ ಬೆಂಕಿ' ಎಂಬ ಭೀಕರ ವ್ಯಾಧಿಗೆ ತುತ್ತಾದವರನ್ನು. ನಮ್ಮ ರಾಗಿಯಂತೆ ಅಲ್ಲಿ ಬಡವರ ಧಾನ್ಯವಾಗಿದ್ದ ರೈ ತೆನೆಗೆ, ತೇವ ಹೆಚ್ಚಾದ ವರ್ಷಗಳಲ್ಲಿ ಅರ್ಗಟ್ ಎಂಬ ಶಿಲೀಂಧ್ರ ತಗಲುತ್ತಿತ್ತು. ಅದರ ವಿಷವು ರಕ್ತನಾಳಗಳನ್ನು ಬಿಗಿಗೊಳಿಸಿದಾಗ ಕೈಕಾಲುಗಳು ಬೆಂಕಿ ಬಿದ್ದಂತೆ ಉರಿದು, ಕಪ್ಪಾಗಿ, ಕೊಳೆತು ಹೋಗುತ್ತಿದ್ದವು. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ನಾವು ಕೊಡುತ್ತಿದ್ದ ಅರ್ಗೊಮೆಟ್ರಿನ್ ಚುಚ್ಚುಮದ್ದು ಇದೇ ಶಿಲೀಂಧ್ರದ ಕೊಡುಗೆಯೆಂದರೆ ಆಶ್ಚರ್ಯವಾದೀತು. ಕಾರಣ ತಿಳಿಯದಿದ್ದರೂ ಮಠದವರು ಒಳ್ಳೆಯ ಆಹಾರ ನೀಡುತ್ತಿದ್ದರು. ವಿಷದ ರೊಟ್ಟಿ ತಪ್ಪಿದ್ದರಿಂದಲೇ ಹಲವರು ಬದುಕಿರಬೇಕು. ಕೊಳೆತ ಅಂಗಗಳನ್ನು ಶಸ್ತ್ರವೈದ್ಯರು ಕತ್ತರಿಸುತ್ತಿದ್ದರು.

ಇಂತಹ ರೋಗಿಗಳ ಕಣ್ಣೆದುರಿಗೆ ಗ್ರೂನ್‌ವಾಲ್ಡ್ ಇಟ್ಟ ಕ್ರಿಸ್ತನ ದೇಹವು ಸುಂದರವಲ್ಲ. ಹಸಿರು ಬಣ್ಣಕ್ಕೆ ತಿರುಗಿದ ಚರ್ಮ, ಮೈತುಂಬ ಮುಳ್ಳು ನಾಟಿದ ಹುಣ್ಣುಗಳು, ಸೆಟೆದ ಬೆರಳುಗಳು, ತಿರುಚಿದ ಪಾದಗಳು. ನೋವೇ ಪವಿತ್ರವೆಂಬ ಬೋಧನೆಯನ್ನು ವೈದ್ಯನಾದ ನಾನು ಒಪ್ಪಲಾರೆ. ಆದರೆ ಈ ಚಿತ್ರದಲ್ಲಿ ನನಗೆ ಕಾಣುವುದು ಆ ಬೋಧನೆಯಲ್ಲ. ನಿನ್ನ ಹುಣ್ಣು ದೇವರು ನಿನ್ನನ್ನು ತೊರೆದುದರ ಗುರುತಲ್ಲವೆಂದು ಅದು ರೋಗಿಗೆ ಹೇಳುತ್ತದೆ. ಯೋಬನ ಸ್ನೇಹಿತರಿಗೆ ತಿಳಿಯದೆ ಹೋದದ್ದೂ ಅದೇ.

ಈಗ ಕೋಲ್ಮಾರ್ ನಗರದ ಉಂಟರ್‌ಲಿಂಡನ್ ವಸ್ತುಸಂಗ್ರಹಾಲಯದಲ್ಲಿರುವ ಈ ಫಲಕಗಳ ಜೀರ್ಣೋದ್ಧಾರ 2022ರಲ್ಲಿ ಮುಗಿಯಿತು. ಮಠದಲ್ಲಿದ್ದಾಗ ಇವನ್ನು ಬಾಗಿಲಿನಂತೆ ತೆರೆಯಬಹುದಾಗಿತ್ತು. ಶಿಲುಬೆಯ ಚಿತ್ರದ ಜೋಡಣೆ ನಟ್ಟನಡುವೆ ಇಲ್ಲ. ಹೀಗಾಗಿ ಬಾಗಿಲು ತೆರೆದಾಗ ಕ್ರಿಸ್ತನ ಒಂದು ತೋಳು ದೇಹದಿಂದ ಬೇರ್ಪಟ್ಟಂತೆ ತೋರುತ್ತಿತ್ತೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಕೈ ಕಳೆದುಕೊಂಡವರೂ ಅದನ್ನು ಕೆಳಗೆ ನಿಂತು ನೋಡಿರಬೇಕು.