ಕಡಲಿನಿಂದ ಬಂದ ಹಂಡೆ



1889ರ ಜುಲೈಯಲ್ಲಿ ಉಸ್ಮಾನಿಯಾ ಯುದ್ಧನೌಕೆ ‘ಎರ್ತುಗ್ರುಲ್’ ಇಸ್ತಾಂಬುಲ್‌ನಿಂದ ಜಪಾನಿಗೆ ಹೊರಟಿತು. ಸುಲ್ತಾನ್ ಎರಡನೇ ಅಬ್ದುಲ್ ಹಮೀದರು ಅಲ್ಲಿನ ಚಕ್ರವರ್ತಿಗೆ ಕಳಿಸಿದ ಉಡುಗೊರೆಗಳು ಅದರಲ್ಲಿದ್ದವು. ದಾರಿಯಲ್ಲಿ ಬಾಂಬೆಯಲ್ಲಿ ನಿಂತಾಗ ಖಲೀಫರ ಹಡಗನ್ನು ನೋಡಲು ನಮ್ಮ ಜನ ಬಂದರಿಗೆ ಮುಗಿಬಿದ್ದರು. ಮರದ ಹಳೆಯ ಹಡಗು ಅದು. ಅಷ್ಟು ದೂರ ಕಳಿಸಬಾರದಿತ್ತು ಎಂದೇ ನನ್ನ ಅನಿಸಿಕೆ.

ಮರಳುವಾಗ, 1890ರ ಸೆಪ್ಟೆಂಬರ್ 16ರ ರಾತ್ರಿ, ಬಿರುಗಾಳಿಗೆ ಸಿಕ್ಕಿ ಕುಶಿಮೊಟೊ ಸಮೀಪದ ಓಶಿಮಾ ದ್ವೀಪದ ಬಂಡೆಗಳಿಗೆ ಬಡಿದು ಒಡೆಯಿತು. ಉಸ್ಮಾನ್ ಪಾಷಾ ಸಹಿತ 500ಕ್ಕೂ ಹೆಚ್ಚು ಮಂದಿ ಮುಳುಗಿದರು. ನೀರಲ್ಲಿ ಮುಳುಗಿ ಮರಣ ಹೊಂದಿದವರನ್ನೂ ಹದೀಸ್ ಶಹೀದರ ಸಾಲಿಗೆ ಸೇರಿಸಿದೆ. ಬದುಕುಳಿದವರು 69 ಮಂದಿ. ಅವರ ಭಾಷೆ, ದೀನ್ ಯಾವುದೂ ತಿಳಿಯದ ಬಡ ಹಳ್ಳಿಗರು ಚಳಿಗೆ ನಡುಗುತ್ತಿದ್ದವರನ್ನು ತಮ್ಮ ಮೈಯ ಬಿಸಿಯಿಂದ ಉಳಿಸಿದರು. ಸಾಕಿದ ಕೋಳಿಗಳನ್ನೂ ಬೇಯಿಸಿ ಕೊಟ್ಟರು. ಸಿಕ್ಕ ಮಯ್ಯಿತ್‌ಗಳನ್ನು ದೀಪಸ್ತಂಭದ ಹತ್ತಿರವೇ ದಫನ ಮಾಡಲಾಯಿತು. ಬದುಕಿದವರನ್ನು ಜಪಾನಿನ ಎರಡು ಯುದ್ಧನೌಕೆಗಳು ಇಸ್ತಾಂಬುಲ್‌ಗೆ ಮುಟ್ಟಿಸಿದವು.

2007ರಿಂದ ಟರ್ಕಿಯ ತಜ್ಞರು ಜಪಾನೀಯರ ಜೊತೆ ಸೇರಿ ಆ ಕಡಲಿನ ತಳದಲ್ಲಿ ಹುಡುಕುತ್ತಾ ಬಂದಿದ್ದಾರೆ. ಸಿಕ್ಕ ವಸ್ತುಗಳನ್ನು ತಕ್ಷಣ ಒಣಗಿಸುವಂತಿಲ್ಲ, ಹಾಳಾಗುತ್ತವೆ; ಸಿಹಿನೀರಿನಲ್ಲಿ ಬಹುಕಾಲ ಇಟ್ಟು ಉಪ್ಪು ಬಿಡಿಸಬೇಕು. ಗುಂಡು ಮದ್ದಿನ ಚೂರುಗಳಿಗಿಂತ ನನ್ನ ಮನಸ್ಸು ನಿಂತದ್ದು ಅಡುಗೆಯ ಒಂದು ದೊಡ್ಡ ತಾಮ್ರದ ಹಂಡೆಯ ಮೇಲೆ. ಹೆಸರೂ ಗೊತ್ತಿಲ್ಲದ ಎಷ್ಟೋ ಖಲಾಸಿಗಳು ಅದರಿಂದಲೇ ಉಂಡಿದ್ದರು.

ಅವರ ಸ್ಮಾರಕವನ್ನು ಇಂದಿಗೂ ಗುಡಿಸಿ ತೊಳೆಯುವವರು ಓಶಿಮಾದ ಶಾಲಾಮಕ್ಕಳು.